ಚಿಗಟದ ತಾಯಿ

ಮೇ 9

ಎರಡು ದಿನದ ಬಸ್ಸಿನ ಧೂಳು ಇನ್ನೂ ಕಿವಿಯಲ್ಲಿದೆ. ಹರಾರೆಯಿಂದ ಬಿಂಗಾ, ಬಿಂಗಾದಿಂದ ಸಂಶೋಧನಾ ಕೇಂದ್ರದ ಮುರುಕು ಗಾಡಿಯಲ್ಲಿ ಮತ್ತೆ ಒಂದೂವರೆ ಗಂಟೆ. ಕೇಂದ್ರ ಎಂದರೆ ಒಂದು ಪ್ರಯೋಗಶಾಲೆ, ಒಂದು ಮನೆ, ಕರೀಬಾ ಸರೋವರದೊಳಕ್ಕೆ ಚಾಚಿದ ಹಲಗೆ ಕಟ್ಟೆ, ಕಾವಲಿಗೆ ಟೇಕ್‌ಶೂರ್. ಹಿಂದೆ ಇಲ್ಲಿ ಆರು ಜನ ಕೆಲಸ ಮಾಡುತ್ತಿದ್ದರಂತೆ. ಈಗ ನಾನೊಬ್ಬಳೇ.

ಪೆಟ್ಟಿಗೆ ಇಳಿಸುತ್ತಾ ಟೇಕ್‌ಶೂರ್ ಕೇಳಿದ, "ಅಮ್ಮಾವ್ರೇ, ನಿಮ್ಮನ್ನ ಯಾರ ತಾಯಿ ಅಂತ ಕರೀಲಿ?" ನಮ್ಮಲ್ಲಿ ಹೆಂಗಸನ್ನು ಹೆಸರು ಹಿಡಿದು ಕರೆಯುವುದಿಲ್ಲ, ಇಂಥ ಮಗುವಿನ ತಾಯಿ ಎಂದೇ ಕರೆಯುವುದು. "ಮುಸೋನ ಅಂತ ಕರಿ, ಸಾಕು," ಎಂದೆ. ಅದು ಗಂಡನ ಮನೆತನದ ಹೆಸರು. ಐವತ್ತೆರಡು ವರ್ಷವಾದರೂ ಆ ಪ್ರಶ್ನೆಗೆ ನನ್ನ ಹತ್ತಿರ ಬೇರೆ ಉತ್ತರವಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಸಾಸಿವೆಗಿಂತ ಸಣ್ಣಗೆ ಪುಡಿಯಾದ ಪ್ಲಾಸ್ಟಿಕ್ ನೀರಿನ ಜೀವಗಳಿಗೆ ವಿಷ, ಅದು ಗೊತ್ತಿರುವ ಮಾತು. ಆದರೆ ಆ ಪುಡಿ ತಿಂಗಳುಗಟ್ಟಲೆ ನೀರು ಬಿಸಿಲು ತಿಂದು ಹಳೆಯದಾದರೆ ವಿಷ ಏರುತ್ತದೆಯೋ, ಇಳಿಯುತ್ತದೆಯೋ? ನಮ್ಮ ಮುಖ್ಯಸ್ಥ ಡಾ. ಚಿನೆಂಬಿರಿಯವರಿಗೆ ಇದಕ್ಕೆ ಉತ್ತರ ಬೇಕು. ತೆಳು ಬಟ್ಟೆಯ ಎಂಟು ಚೀಲಗಳಲ್ಲಿ ಪುಡಿ ತುಂಬಿ, ಪಂಜರದಲ್ಲಿಟ್ಟು, ಕಟ್ಟೆಯ ಕೊನೆಯಲ್ಲಿ ನೀರಿಗೆ ಇಳಿಬಿಟ್ಟಿದ್ದೇನೆ. ಮೂರು ತಿಂಗಳಿಗೆ ಮೂರು ಚೀಲ ತೆಗೆಯಬೇಕು, ನಾಲ್ಕು ತಿಂಗಳಿಗೆ ಇನ್ನು ಮೂರು. ಎರಡು ಉಳಿಕೆ. ನವೆಂಬರ್ 30ಕ್ಕೆ ನನ್ನನ್ನು ಮನೆಗೆ ಕರೆದೊಯ್ಯಲು ಗಾಡಿ ಬರುತ್ತದೆ.

ಇನ್ನು 205 ದಿನ.

ಮೇ 10

ಬೆಳಿಗ್ಗೆ ಬೇಲಿಯಾಚೆಯಿಂದ ಒಬ್ಬ ಮುದುಕಿ ಕೂಗಿದಳು. ಚೋಲ್ವೆ ಅಂತೆ ಹೆಸರು, ಈ ಸರೋವರದ ದಡದ ಟೋಂಗಾ ಬುಡಕಟ್ಟಿನವಳು. ಹಿಂದಿನ ಕಾವಲುಗಾರನ ಹೆಂಡತಿ. ಅವನು ಸತ್ತ ಮೇಲೂ ಬೇಲಿ ಪಕ್ಕದ ಗುಡಿಸಲಲ್ಲೇ ಇದ್ದಾಳೆ. ಕೈಯಲ್ಲಿ ಸೋರೆಬುರುಡೆಯ ಹುಕ್ಕಾ. ಮೀನಿನ ದೋಣಿಯವರ ಬಲೆ ತೊಳೆಯುವುದು ಅವಳ ಕಸುಬು.

"ಚೆನ್ನಾಗಿ ಮಲಗಿದ್ಯೇನವ್ವಾ?" ಎಂದಳು, ನಮ್ಮ ಶೋನಾ ಭಾಷೆಯಲ್ಲೇ.

ಇದಕ್ಕೆ ನಮ್ಮಲ್ಲಿ ಉತ್ತರ ಒಂದೇ. "ನೀವು ಚೆನ್ನಾಗಿ ಮಲಗಿದ್ರೆ ನಾನೂ ಚೆನ್ನಾಗಿ ಮಲಗಿದೆ." ನಾನು "ಹೂಂ" ಎಂದು ಒಳಗೆ ಬಂದೆ. ಉಳಿದದ್ದು ಬರುತ್ತದೇನೋ ಎಂಬಂತೆ ಅವಳು ಬೇಲಿ ಹಿಡಿದು ಸ್ವಲ್ಪ ಹೊತ್ತು ನಿಂತೇ ಇದ್ದಳು.

ಮಧ್ಯಾಹ್ನ ಕಟ್ಟೆಗೆ ನೀರು ತುಂಬಿಕೊಳ್ಳಲು ಬಂದಳು. ಹೊರಗಿನವರು ಕಟ್ಟೆ ಹತ್ತಬಾರದೆಂದು ಫಲಕವೇ ಇದೆ. ಆದರೆ ಟೇಕ್‌ಶೂರ್ ಅವಳನ್ನು ಕಂಡೂ ಕಾಣದ ಹಾಗೆ ಇರುತ್ತಾನೆ.

"ನೀರಿಗೆ ಏನು ಇಳಿಬಿಟ್ಟಿದ್ದೀಯವ್ವಾ?"

"ಕೆಲಸ, ಅಜ್ಜಿ."

"ಏನು ಕೆಲಸ?"

"ಸರ್ಕಾರದ್ದು."

ಹಾಗೆಂದರೆ ಯಾರೂ ಮುಂದೆ ಕೇಳುವುದಿಲ್ಲ. ಇವಳೂ ಕೇಳಲಿಲ್ಲ.

ಇನ್ನು 204.

ಮೇ 14

ಭಾನುವಾರ. ಯಾರೊಂದಿಗೂ ಮಾತಿಲ್ಲ. ಸಂಜೆ ನನ್ನ ದನಿ ಇದೆಯೋ ಇಲ್ಲವೋ ನೋಡಲು ಒಂದರಿಂದ ಹತ್ತು ಎಣಿಸಿದೆ. ಇದೆ.

ಇನ್ನು 200.

ಜೂನ್ 21

ಈ ಸರೋವರದ ನೀರಿನಿಂದ ಅರ್ಧ ದೇಶಕ್ಕೆ ವಿದ್ಯುತ್ತು. ಸರೋವರದ ದಡದಲ್ಲಿ ಕೂತ ನನಗೆ ದಿನಕ್ಕೆ ನಾಲ್ಕು ತಾಸು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ.

ನೀರಿನ ಚಿಗಟಗಳನ್ನು ಸಾಕುತ್ತಿದ್ದೇನೆ, ಪ್ರಯೋಗಕ್ಕೆ ಅವೇ ಬೇಕು. ಎಳ್ಳಿಗಿಂತ ಸಣ್ಣ ಜೀವ, ಮೈಯೆಲ್ಲ ಗಾಜು. ಮಸೂರದ ಕೆಳಗಿಟ್ಟರೆ ಒಳಗಿನ ಹೃದಯ ಬಡಿಯುವುದು ಕಾಣುತ್ತದೆ, ತಿಂದ ಹಸಿರು ಪಾಚಿ ಹೊಟ್ಟೆಯಲ್ಲಿ ಗೆರೆಯಾಗಿ ಕಾಣುತ್ತದೆ, ಬೆನ್ನಿನ ಚೀಲದಲ್ಲಿ ಮರಿಗಳ ಕಪ್ಪು ಕಣ್ಣುಗಳು ಕಾಣುತ್ತವೆ. ಒಂದು ತಾಯಿಗೆ ಒಂದು ಲೋಟ. ದಿನವೂ ಮರಿಗಳನ್ನು ಕಪ್ಪು ಕಾಗದದ ಮೇಲಿಟ್ಟು ಎಣಿಸಿ, ತಾಯಿಯನ್ನು ಹೊಸ ನೀರಿಗೆ ಬಿಡಬೇಕು. ಇಪ್ಪತ್ತಾರು ವರ್ಷದಿಂದ ನಾನು ಮಾಡುತ್ತಿರುವುದು ಇಂಥದ್ದೇ: ಎಣಿಸಿ ಬರೆದು ಕೊಡುವುದು. ಪ್ರಬಂಧದ ಮೇಲೆ ಹೆಸರು ಬರುವುದು ಬೇರೆಯವರದು.

ಹರಾರೆ ಪಕ್ಕದ ಚಿಟುಂಗ್ವಿಜಾದಲ್ಲಿರುವ ನನ್ನ ಮನೆ ನೆನಪಾಯಿತು. ನಮ್ಮವರ ಕುರ್ಚಿ ಕಿಟಕಿಯ ಪಕ್ಕ ಹಾಗೇ ಇದೆ. ಅದರ ಮೇಲಿನ ಧೂಳು ಒರೆಸುವವರು ಈಗ ಯಾರೂ ಇಲ್ಲ.

ಇನ್ನು 162.

ಜುಲೈ 18

ಬಾಗಿಲಲ್ಲಿ ಒಂದು ತಟ್ಟೆ ಒಣಮೀನು. ಮುದುಕಿಯದೇ ಕೆಲಸ.

ನಮ್ಮ ಬೆಡಗು, ಅಂದರೆ ಕುಲದ ಗುರುತು, ಮೀನು. ನಮಗೆ ಮೀನೆಂದರೆ ಒಡಹುಟ್ಟಿದ್ದು, ಬಾಯಿಗಿಡುವಂತಿಲ್ಲ. ಮೀನು ಹಿಡಿದು, ಮೀನು ಒಣಗಿಸಿ, ಮೀನನ್ನೇ ಉಸಿರಾಡುವ ಊರಿಗೆ ನನ್ನನ್ನು ಕಳಿಸಿದ್ದಾರೆ. ಟೇಕ್‌ಶೂರ್‌ಗೆ ಕೊಟ್ಟೆ. ತಟ್ಟೆ ತೊಳೆದು ಬೇಲಿಗೆ ಸಿಕ್ಕಿಸಿ ಬಂದೆ. ತಿನ್ನುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಯಾಕೆ ಎನ್ನುತ್ತಾಳೆ, ಆಮೇಲೆ ಯಾವ ಊರು, ಮಕ್ಕಳೆಷ್ಟು, ಗಂಡ ಏನಾದ. ಬಾಯಿಗೆ ಬೀಗ ಹಾಕಿಕೊಂಡಿರುವುದೇ ವಾಸಿ.

ಇನ್ನು 135.

ಆಗಸ್ಟ್ 14

ಮೊದಲ ಮೂರು ಚೀಲ ತೆಗೆದೆ. ಮೇಲೆಲ್ಲ ಕಂದು ಹಸಿರು ಲೋಳೆ, ಒಳಗಿನ ಪುಡಿಗೂ ಅದೇ ಲೋಳೆ ಮೆತ್ತಿದೆ. ಮೂಸಿದರೆ ಕೊಳದ ವಾಸನೆ. ಇದು ಚೆಂದದ ವಸ್ತುವಲ್ಲ, ಆದರೆ ನನಗೆ ಬೇಕಾದದ್ದು ಹೀಗೇ ಇರಬೇಕು.

ಲೋಟಗಳನ್ನು ಜೋಡಿಸಿದೆ. ಹತ್ತರಲ್ಲಿ ಬರಿ ನೀರು, ಹತ್ತರಲ್ಲಿ ಹೊಸ ಪುಡಿ, ಹತ್ತರಲ್ಲಿ ಹಳೆಯ ಪುಡಿ. ಇಪ್ಪತ್ತೊಂದು ದಿನ ಎಣಿಸಬೇಕು.

ಮುದುಕಿ ಕಟ್ಟೆಯ ತುದಿಯಲ್ಲಿ ನಿಂತು ಚಿಟಿಕೆ ಹೊಗೆಸೊಪ್ಪನ್ನು ನೀರಿಗೆ ಹಾಕುತ್ತಿದ್ದಳು. ದಿನವೂ ಹಾಕುತ್ತಾಳಂತೆ. "ಅವಳಜ್ಜಿಗೆ," ಎಂದ ಟೇಕ್‌ಶೂರ್. ನನಗೆ ಕೇಳುವಷ್ಟು ಪುರುಸೊತ್ತಿರಲಿಲ್ಲ.

ಇನ್ನು 108.

ಸೆಪ್ಟೆಂಬರ್ 4

ಮೊದಲ ಕಂತು ಮುಗಿಯಿತು. ಬರಿ ನೀರಿನಲ್ಲಿ ತಾಯಿಗೆ ಸರಾಸರಿ 62 ಮರಿ. ಹೊಸ ಪುಡಿಯಲ್ಲಿ 38. ಲೋಳೆ ಮೆತ್ತಿದ ಹಳೆಯ ಪುಡಿಯಲ್ಲಿ 59. ಹಳೆಯದಾದ ಪ್ಲಾಸ್ಟಿಕ್ಕು ಹೆಚ್ಚುಕಡಿಮೆ ತಣ್ಣಗಾಗಿಬಿಟ್ಟಿದೆ.

ಹುಣ್ಣಿಮೆ ಕಳೆದು ದೋಣಿಗಳು ಮತ್ತೆ ನೀರಿಗಿಳಿಯುತ್ತಿವೆ. ಇಲ್ಲಿನ ಮೀನನ್ನು ದೀಪ ತೋರಿಸಿ ಹಿಡಿಯುವುದರಿಂದ ಬೆಳದಿಂಗಳ ವಾರ ಯಾರೂ ಹೋಗುವುದಿಲ್ಲ. ಆ ವಾರವೆಲ್ಲ ದಡದಲ್ಲಿ ಬಲೆ ತೊಳೆಯುವುದು, ಮೀನು ಒಣಗಿಸುವ ತಟ್ಟಿ ತಿಕ್ಕುವುದು. ನಾನು ಲೋಟಗಳ ಮುಂದೆ ಕೂತೇ ಇದ್ದೆ. ಆ ಗದ್ದಲ ಕಿವಿಗೆ ಬಿತ್ತು, ಅಷ್ಟೆ.

ಇನ್ನು 87.

ಸೆಪ್ಟೆಂಬರ್ 6

ಇವತ್ತಿಗೆ ನಮ್ಮವರು ಹೋಗಿ ಒಂದು ವರ್ಷ.

ಇಪ್ಪತ್ತೇಳು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದರೂ ದಿನವೂ ಎದ್ದು ಕೇಳುತ್ತಿದ್ದರು, "ಚೆನ್ನಾಗಿ ಮಲಗಿದ್ಯಾ?" ನಾನು ಪೂರ್ತಿ ಉತ್ತರ ಹೇಳುವ ತನಕ ಚಹಾ ಮುಟ್ಟುತ್ತಿರಲಿಲ್ಲ. ಆಸ್ಪತ್ರೆಯ ಕೊನೆಯ ಬೆಳಿಗ್ಗೆಯೂ ಕೇಳಿದರು. "ನೀವು ಮಲಗಿದ್ರೆ ನಾನೂ ಮಲಗಿದೆ," ಎಂದೆ. "ಹಾಗಾದ್ರೆ ಇಬ್ರೂ ಮಲಗಿದ್ವಿ ಬಿಡು," ಎಂದು ನಕ್ಕರು. ರಾತ್ರಿಯೆಲ್ಲ ನರಳಿದ್ದರು. ನಾನು ನೆಲದ ಮೇಲೆ ಕೂತು ಕೇಳಿಸಿಕೊಂಡಿದ್ದೆ. ಇಬ್ಬರೂ ಸುಳ್ಳು ಹೇಳಿದೆವು. ಆ ಮಾತನ್ನು ಆಮೇಲೆ ಯಾರಿಗೂ ಹೇಳಲು ನನಗೆ ಮನಸ್ಸಿಲ್ಲ. ಬಹಳ ಅತ್ತೆ.

ಸೆಪ್ಟೆಂಬರ್ 11

ಎರಡನೆಯ ಮೂರು ಚೀಲ ತೆಗೆದೆ. ಈ ಸಲ ಲೋಳೆ ಬಹಳ ಕಡಿಮೆ, ಪುಡಿಯೂ ಬೆಳ್ಳಗಿದೆ. ನೀರು ಇಳಿದು ಪಂಜರ ಮೇಲಕ್ಕೆ ಬಂದಿದೆ. ಬಿಸಿಲಿಗೆ ಪಾಚಿ ಸುಟ್ಟು ಉದುರಿರಬೇಕು. ಹಾಗೇ ಬರೆದುಕೊಂಡಿದ್ದೇನೆ.

ಇನ್ನು 80.

ಸೆಪ್ಟೆಂಬರ್ 20

ಹಳೆಯ ಪುಡಿಯ ಲೋಟಗಳಲ್ಲಿ ಆರು ತಾಯಿ ಚಿಗಟಗಳು ಸತ್ತಿವೆ. ಲೋಟದ ತಳದಲ್ಲಿ ಬಿಳಿಚಿಕೊಂಡು ಬಿದ್ದಿದ್ದವು. ನೀರು ನೋಡಿದೆ, ಪಾಚಿಯ ಊಟ ನೋಡಿದೆ, ಎಲ್ಲ ಸರಿಯಿದೆ. ಪಕ್ಕದ ಬರಿ ನೀರಿನ ಲೋಟಗಳಲ್ಲಿ ಹಬ್ಬ.

ಅಕ್ಟೋಬರ್ 5

ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಮನೆಯ ಹಿಂದಿನ ಹುತ್ತದ ಮೇಲೆ ಹತ್ತಿದರೆ ಮಾತ್ರ. ಹತ್ತಿ ಡಾ. ಚಿನೆಂಬಿರಿಯವರಿಗೆ ಎರಡನೆಯ ಕಂತಿನ ಲೆಕ್ಕ ಓದಿ ಹೇಳಿದೆ. ಹತ್ತರಲ್ಲಿ ಏಳು ಸತ್ತವು, ಉಳಿದವಕ್ಕೆ ತಲಾ ಒಂಬತ್ತು ಮರಿ.

"ಮುಸೋನ ಅವರೇ, ನಿಮಗೆ ಗೊತ್ತಾಗ್ತಿದೆಯಾ ಇದೇನು ಅಂತ? ಮೂರು ತಿಂಗಳಿಗೆ ತಣ್ಣಗೆ, ನಾಲ್ಕಕ್ಕೆ ಕೊಲ್ಲೋ ವಿಷ. ಮಧ್ಯೆ ಎಲ್ಲೋ ತಿರುಗುತ್ತೆ ಅದು. ಡಿಸೆಂಬರ್ ಸಭೆಯಲ್ಲಿ ಇದನ್ನೇ ಹೇಳ್ತೀನಿ. ಪ್ರಬಂಧದ ಮೇಲೆ ನಿಮ್ಮ ಹೆಸರೂ ಹಾಕ್ತೀನಿ, ನನ್ನ ಪಕ್ಕದಲ್ಲೇ."

ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹುತ್ತದಿಂದ ಇಳಿಯುವಾಗ ಕಾಲು ಜಾರಿ ಮಂಡಿ ತರಚಿತು. ಬೇಲಿಯಾಚೆ ಮುದುಕಿ ನೋಡಿ ನಕ್ಕಳು, ನನಗೂ ನಗು ಬಂತು.

ಇನ್ನು 56.

ಅಕ್ಟೋಬರ್ 8

ಬಾಗಿಲಲ್ಲಿ ಮತ್ತೆ ಮೀನಿನ ತಟ್ಟೆ. ಈ ಸಲ ಹಿಡಿದುಕೊಂಡು ಹೋಗಿ ಅಜ್ಜಿಗೆ ಹೇಳಿಯೇಬಿಟ್ಟೆ.

"ಮೀನು ಬೆಡಗಿನೋಳಾ?" ಹುಕ್ಕಾ ಕೆಳಗಿಟ್ಟು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಮೂರು ತಿಂಗಳಿಂದ ನಿನ್ನ ಅಣ್ಣತಮ್ಮಂದಿರನ್ನ ಒಣಗಿಸಿ ಬಾಗಿಲಿಗೆ ತಂದಿಟ್ಟೆನಲ್ಲೇ ತಾಯಿ. ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

ಮಧ್ಯಾಹ್ನ ಅಜ್ಜಿಯೇ ಶೇಂಗಾ ಪುಡಿ ಹಾಕಿ ಬೇಯಿಸಿದ ಕುಂಬಳದ ಎಲೆ ತಂದರು. ಸಾಡ್ಜಾ ಮುದ್ದೆಯ ಜೊತೆ ಇಬ್ಬರೂ ಪ್ರಯೋಗಶಾಲೆಯ ಮೆಟ್ಟಿಲ ಮೇಲೆ ಕೂತು ತಿಂದೆವು. ಆಮೇಲೆ ಒಳಗಿನ ನನ್ನ ಕೆಲಸ ನೋಡುತ್ತೇನೆಂದು ಹಟ ಹಿಡಿದರು. ಮಸೂರದ ಕೆಳಗೆ ಒಂದು ಚಿಗಟ ಇಟ್ಟೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಇದರ ಎದೆ ಹೊಡ್ಕೊಳ್ತಿದೆ."

"ಹೂಂ ಅಜ್ಜಿ."

"ಹೊಟ್ಟೇಲಿ ಕೂಸಿದೆ."

"ಇವತ್ತೋ ನಾಳೆಯೋ ಹೆರುತ್ತೆ."

"ಇವಕ್ಕೆಲ್ಲ ದಿನಾ ಊಟ ಹಾಕೋಳು ನೀನು. ಎಣಿಸೋಳು ನೀನು. ಸತ್ತರೆ ಮೋರೆ ಸಣ್ಣಗೆ ಮಾಡ್ಕೊಂಡು ಹುತ್ತ ಹತ್ತೋಳು ನೀನು." ಮಸೂರ ಬಿಟ್ಟು ನನ್ನ ಮುಖ ನೋಡಿದರು. "ಟೇಕ್‌ಶೂರ್ ಹೇಳ್ತಿದ್ದ, ನಿನ್ನನ್ನ ಯಾರ ತಾಯಿ ಅಂತ ಕರೀಬೇಕೋ ಗೊತ್ತಾಗಲ್ಲ ಅಂತ. ಇಷ್ಟು ಮಕ್ಕಳಿಟ್ಕೊಂಡು ಅದೇನು ಕಷ್ಟ? ಚಿಗಟದ ತಾಯಿ."

ಬೇರೆ ಯಾರಾದರೂ ಅಂದಿದ್ದರೆ ಮುಖ ಮುರಿಯುತ್ತಿದ್ದೆ. ಇವರು ಅಂದಾಗ ಸಿಟ್ಟು ಬರಲಿಲ್ಲ, ಯಾಕೋ ಗೊತ್ತಿಲ್ಲ. ಎಲೆಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.

ಅಕ್ಟೋಬರ್ 16

ನಲವತ್ತೆರಡು ಡಿಗ್ರಿ. ಮಧ್ಯಾಹ್ನವೆಲ್ಲ ಅಜ್ಜಿ ಪ್ರಯೋಗಶಾಲೆಯ ತಣ್ಣನೆ ನೆಲದ ಮೇಲೆ ಮಲಗಿರುತ್ತಾರೆ. ಗೊರಕೆಗೆ ಲೆಕ್ಕ ತಪ್ಪುತ್ತದೆ, ಮತ್ತೆ ಎಣಿಸುತ್ತೇನೆ. ಎದ್ದ ಮೇಲೆ ಬೈಯುತ್ತಾರೆ, ನೀರಾನೆ ಅಡ್ಡಾಡುವ ಹೊತ್ತಿಗೆ ನಾನು ಕಟ್ಟೆಗೆ ಹೋಗುತ್ತೇನೆಂದು. ಬೈಸಿಕೊಂಡು ಬಹಳ ದಿನವಾಗಿತ್ತು.

ಅಕ್ಟೋಬರ್ 27

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ನೀರಿಗೆಂದು ಕಟ್ಟೆಗೆ ಹೋದರೆ ಅಜ್ಜಿ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಪಂಜರ ಮೇಲಕ್ಕೆ ಎಳೆದಿದ್ದರು. ನನ್ನ ಉಳಿಕೆ ಚೀಲವೊಂದನ್ನು ಹಲಗೆಗೆ ಹಾಕಿ, ಬಟ್ಟೆ ತಿಕ್ಕುವ ಹಾಗೆ ಎರಡೂ ಕೈಯಲ್ಲಿ ತಿಕ್ಕುತ್ತಿದ್ದರು. ಪಕ್ಕದಲ್ಲಿ ಒಂದು ಬೊಗಸೆ ಮರಳು, ಹಸಿರು ಸೋಪಿನ ಗಟ್ಟಿ.

"ಅಜ್ಜಿ, ಏನು ಮಾಡ್ತಿದ್ದೀರಿ?"

"ಕಾಣಲ್ವಾ? ಹುಣ್ಣಿಮೆ ವಾರ. ತೊಳೀತಿದ್ದೀನಿ."

"ಯಾವಾಗಿಂದ?"

"ಚಳಿ ಹೋದ ಮೇಲಿನ ಹುಣ್ಣಿಮೆಯಿಂದ. ಇದು ಮೂರನೇದು. ದೋಣಿಯೋರ ಬಲೆ ಎಲ್ಲಾ ತೊಳೆಯೋಳು, ಪಕ್ಕದ ಮನೆಯೋಳದ್ದು ಬಿಡ್ತೀನಾ? ಯಾರೂ ಇಲ್ಲದೋಳು, ಒಬ್ಬಳೇ ಎಷ್ಟು ಅಂತ ಮಾಡ್ತೀಯಾ?"

ಅವರು ಚೀಲವನ್ನು ನೀರಿಗೆ ಅದ್ದಿ ಹಿಂಡಿದರು.

"ಇನ್ನೊಂದು ಮಾತು. ನಮ್ಮಜ್ಜಿ ಇರೋದು ಇಲ್ಲೇ. ಅಣೆಕಟ್ಟು ಕಟ್ಟಿದಾಗ ನಮ್ಮನ್ನೆಲ್ಲಾ ಲಾರಿಗೆ ತುಂಬಿದ್ರು. ನಾನಾಗ ಇಷ್ಟುದ್ದ. ನಮ್ಮಜ್ಜಿ ಗೋರಿನ ಯಾರೂ ಲಾರಿಗೆ ಹಾಕಲಿಲ್ಲ, ಅದರ ಮೇಲೆ ನೀರು ಬಂತು. ನೀನು ಕೊಳೆ ಚೀಲ ತೂಗುಹಾಕಿರೋದು ಅವಳ ನೆತ್ತಿ ಮೇಲೆ ಕಣವ್ವಾ. ನಿನಗೆ ಗೊತ್ತಿಲ್ಲ, ನಿನ್ನ ತಪ್ಪಲ್ಲ. ಗೊತ್ತಿರೋಳು ನಾನು, ತೊಳೆದೆ."

"ಮೊದಲ ಸಲಾನೂ ಸೋಪು ಹಾಕಿದ್ರಾ?"

"ಹಾಕದೆ? ಲೋಳೆ ಸುಮ್ನೆ ಹೋಗುತ್ತಾ?" ಆಗ ನನ್ನ ಮುಖ ನೋಡಿದರು. "ಯಾಕೆ, ತಪ್ಪಾಯ್ತಾ?"

"ಇಲ್ಲ ಅಜ್ಜಿ," ಎಂದೆ. "ಚೆನ್ನಾಗಿ ತೊಳೆದಿದ್ದೀರಿ."

ಅಕ್ಟೋಬರ್ 28

ಆ ಏಳು ತಾಯಂದಿರನ್ನು ಕೊಂದದ್ದು ಸೋಪೋ? ಲೋಳೆ ಕಳೆದುಕೊಂಡು ಬೆತ್ತಲಾದ ಪ್ಲಾಸ್ಟಿಕ್ಕೋ? ಎರಡೂ ಸೇರಿಯೋ? ಈ ಲೆಕ್ಕದಿಂದ ಯಾರೂ ಹೇಳಲಾರರು. ನಾಲ್ಕು ತಿಂಗಳ ವಯಸ್ಸಂತೂ ಅಲ್ಲ. ತಿರುವು ಗಿರುವು ಏನೂ ಇಲ್ಲ. ಬಿಸಿಲಿಗೆ ಪಾಚಿ ಉದುರಿತು ಎಂದು ನಾನೇ ಬರೆದುಕೊಂಡಿದ್ದೇನೆ. ಇಪ್ಪತ್ತಾರು ವರ್ಷದ ಅನುಭವದ ಕೈಯಿಂದ.

ನವೆಂಬರ್ 3

ಹುತ್ತ ಹತ್ತಿದೆ. ಹೇಳಬೇಕೆಂದೇ ಹತ್ತಿದೆ. ಡಾ. ಚಿನೆಂಬಿರಿಯವರು ನನಗಿಂತ ಮೊದಲು ಶುರುಮಾಡಿದರು. ಸಭೆಗೆ ಚಿತ್ರಗಳೆಲ್ಲ ಸಿದ್ಧವಂತೆ, ಪ್ರಬಂಧದಲ್ಲಿ ನನ್ನ ಹೆಸರು ಎರಡನೆಯದಂತೆ. "ಕಂಪ್ಯೂಟರಿನ ಲೆಕ್ಕ ನನ್ನ ಹತ್ತಿರ ಇದೆ, ಮೂಲ ಪುಸ್ತಕ ನಿಮ್ಮ ಜೊತೆ ಬರಲಿ. ಮೂವತ್ತಕ್ಕೆ ಗಾಡಿ. ಅದು ತಪ್ಪಿದರೆ ಮಳೆ ನಿಂತು ಏಪ್ರಿಲ್ ಆಗೋ ತನಕ ಗಾಡಿ ಇಲ್ಲ, ನೆನಪಿರಲಿ."

"ಆಗಲಿ ಸರ್," ಎಂದು ಇಳಿದುಬಂದೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಸಿಕೊಳ್ಳುವುದು ನಾನಾದರೆ ಚಿಂತೆಯಿಲ್ಲ, ಎಂದು ಬರೆಯಲು ಹೊರಟಿದ್ದೆ. ಅದೂ ಪೂರ್ತಿ ನಿಜವಲ್ಲ. ನನಗೆ ಮನೆಗೆ ಹೋಗಬೇಕು. ಒಂದೇ ಒಂದು ಸಲ ನನ್ನ ಹೆಸರನ್ನು ಅಚ್ಚಿನಲ್ಲಿ ನೋಡಬೇಕು. ಹೇಳಿದರೆ ಇನ್ನೊಂದು ಸಲ ಚೀಲ ಇಳಿಬಿಟ್ಟು ಇನ್ನೊಂದು ನಾಲ್ಕು ತಿಂಗಳು ಇಲ್ಲಿ ಕೂರಬೇಕು. ಅದರ ಮೇಲೆ, ಹೊರಗಿನವಳನ್ನು ಕಟ್ಟೆಗೆ ಬಿಟ್ಟವರು ಯಾರು ಎಂದು ಕೇಳುತ್ತಾರೆ. ಅಜ್ಜಿಯ ಗುಡಿಸಲು ಕೇಂದ್ರದ ಜಾಗದಲ್ಲಿದೆ.

ಇನ್ನು 27 ದಿನ ಇರಬೇಕು.

ನವೆಂಬರ್ 9

ಈಗೀಗ ಹಿಂದಿನ ಬಾಗಿಲಿನಿಂದ ಓಡಾಡುತ್ತೇನೆ. ಬೇಲಿಯ ಹತ್ತಿರ ಹೋದರೆ ಅಜ್ಜಿ ಕೂಗುತ್ತಾರೆ. ಇವತ್ತು ಕೂಗಿಯೇ ಕೂಗಿದರು. ನಾನು ಒಳಗೆ ಉಸಿರು ಬಿಗಿಹಿಡಿದು ನಿಂತಿದ್ದೆ, ಮಗ್ಗಿ ಕಲಿಯದೆ ಶಾಲೆ ತಪ್ಪಿಸಿದ ಹುಡುಗಿಯ ಹಾಗೆ. ಮೇ ತಿಂಗಳಲ್ಲಿ ಯಾರೂ ಮಾತಾಡಿಸದಿದ್ದರೆ ಸಾಕೆನಿಸಿತ್ತು. ಈಗ ಈ ಮನೆಯ ನಿಶ್ಶಬ್ದ ಕಿವಿಗೆ ಹೊಡೆಯುತ್ತದೆ.

ನವೆಂಬರ್ 22

ಮೊದಲ ಮಳೆ. ಪೆಟ್ಟಿಗೆ ಕಟ್ಟಿದೆ.

ಅಜ್ಜಿ ಕೇಳದೆಯೇ ಒಳಗೆ ಬಂದು ಪೆಟ್ಟಿಗೆಯ ಮೇಲೆ ಕೂತರು. "ನಿನ್ನ ಮಕ್ಕಳನ್ನ ಏನು ಮಾಡ್ತೀಯಾ?"

"ಸರೋವರಕ್ಕೆ ಬಿಡ್ತೀನಿ ಅಜ್ಜಿ."

"ಹೂಂ. ಬಿಡು. ದೊಡ್ಡ ನೀರು, ನಮ್ಮಜ್ಜಿ ನೋಡ್ಕೊಳ್ತಾಳೆ." ಸ್ವಲ್ಪ ಹೊತ್ತು ಬರಿ ಹುಕ್ಕಾ ಎಳೆದರು, ಹೊಗೆಯಿರಲಿಲ್ಲ. "ನಾನು ಚೀಲ ತೊಳೆದಾಗಿಂದ ನೀನು ನನ್ನ ಕಣ್ಣು ನೋಡಿ ಮಾತಾಡಿಲ್ಲ. ನಾನು ಓದಿಲ್ಲ, ಕುರುಡಿಯೂ ಅಲ್ಲ. ಏನು ಕೆಡಿಸಿದೆ ಹೇಳು."

ಹೇಳಿದೆ. ಮೇ ತಿಂಗಳಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದೆ: ಪುಡಿ, ಲೋಳೆ, ಲೋಳೆಯ ಬೆಲೆ, ಸತ್ತ ಏಳು ತಾಯಂದಿರು. ಅಜ್ಜಿ ತಲೆ ತಗ್ಗಿಸಿ ಕೇಳಿಸಿಕೊಂಡರು.

"ಕೊಳೆ ಅಂತ ನಾನು ತೊಳೆದದ್ದು ಅದರ ಬಟ್ಟೆ," ಎಂದರು. "ನಾನು ಅವತ್ತೇ ಕೇಳಿದ್ದೆ, ಏನು ಇಳಿಬಿಟ್ಟಿದ್ದೀಯಾ ಅಂತ. ನೀನು ಸರ್ಕಾರ ಅಂದೆ."

ಅಷ್ಟೇ ಹೇಳಿ ಮಳೆಯಲ್ಲೇ ಎದ್ದು ಹೋದರು. ಕೊಡೆ ಕೊಡಲು ಓಡಿದೆ, ತಿರುಗಿ ನೋಡಲಿಲ್ಲ.

ನವೆಂಬರ್ 29

ಸಂಜೆ ಗಾಡಿ ಬಂತು. ಚಾಲಕ ರಾತ್ರಿಗೆ ಟೇಕ್‌ಶೂರ್‌ನ ಮನೆಯಲ್ಲಿ ಉಳಿದಿದ್ದಾನೆ. ಪೆಟ್ಟಿಗೆ ಗಾಡಿ ಹತ್ತಿದೆ. ಲೆಕ್ಕದ ಪುಸ್ತಕ ಮೇಜಿನ ಮೇಲಿದೆ, ಇದ್ದ ಹಾಗೇ. ಒಂದು ವಾರದಿಂದ ಅಜ್ಜಿ ಕೂಗಿಲ್ಲ. ಸಿಟ್ಟು ಇರಬೇಕು, ಇರಲಿ. ಹೋಗುವವಳ ಮೇಲೆ ಸಿಟ್ಟಾದರೆ ಹೋಗುವುದು ಸುಲಭ.

ಚಿಗಟಗಳನ್ನು ಸರೋವರಕ್ಕೆ ಬಿಡಲು ತೆಗೆದುಕೊಂಡು ಹೋದವಳು ವಾಪಸ್ ತಂದೆ. ನಾಳೆ ಬಿಟ್ಟರಾಯಿತು.

ನವೆಂಬರ್ 30

ಬಿಂಗಾ ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರಕ್ಕೆ ಹೊರಡಬೇಕಿತ್ತು. ಚಹಾ ಮಾಡಿಕೊಂಡು ಬೇಲಿಯ ಕಡೆಯ ಬಾಗಿಲಲ್ಲಿ ನಿಂತೆ. ಅಜ್ಜಿಯ ಆಡುಗಳು ಕಟ್ಟಿದಲ್ಲೇ ಅರಚುತ್ತಿದ್ದವು. ಚಹಾ ಆರಿತು. ಚಾಲಕ ಹಾರ್ನ್ ಹೊಡೆದ. ಆಡನ್ನು ಬಿಚ್ಚದೆ ಅಜ್ಜಿ ಎಂದೂ ಮಲಗಿರುವವರಲ್ಲ.

ಬೇಲಿ ದಾಟಿ ಹೋದೆ. ಏಳು ತಿಂಗಳಲ್ಲಿ ಆ ಗುಡಿಸಲ ಬಾಗಿಲಿಗೆ ನಾನು ಹೋದದ್ದು ಇದೇ ಮೊದಲು. ಹೊರಗಿನಿಂದ ಕೂಗಿದೆ, "ಚೆನ್ನಾಗಿ ಮಲಗಿದ್ರಾ ಅಜ್ಜಿ?" ಉತ್ತರವಿಲ್ಲ. ಒಳಗೆ ಚಾಪೆಯ ಮೇಲೆ ಮುದುಡಿ ನಡುಗುತ್ತಿದ್ದರು, ಹಣೆ ಮುಟ್ಟಿದರೆ ಕೆಂಡ. ಮಲೇರಿಯಾ. ಮೂರು ದಿನದಿಂದ ಅಂತೆ.

"ಯಾಕೆ ಕೂಗಲಿಲ್ಲ ಅಜ್ಜಿ?"

"ನೀನು ಹೋಗೋಳು," ಎಂದರು. "ಹೋಗೋಳನ್ನ ಯಾಕೆ ಹಿಡ್ಕೊಳ್ಳೋದು? ಗಾಡಿ ಕೂಗ್ತಿದೆ, ಹೋಗು."

ಟೇಕ್‌ಶೂರ್ ಮತ್ತು ಚಾಲಕ ಅಜ್ಜಿಯನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದರು. ಜಾಗ ಸಾಲದೆ ನನ್ನ ಪೆಟ್ಟಿಗೆ ಇಳಿಸಿದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು.

ಆಸ್ಪತ್ರೆಗೆ ಸೇರಿಸಿದ ಮೇಲೆ ಚಾಲಕ ಕೇಳಿದ, "ಅಮ್ಮಾ, ಪೆಟ್ಟಿಗೆಗೆ ವಾಪಸ್ ಹೋಗೋಣವಾ? ಮಳೆ ಬಂದ್ರೆ ಆಮೇಲೆ ಹಳ್ಳ ದಾಟೋಕಾಗಲ್ಲ." ಬೇಡವೆಂದು, ಕೈಯಲ್ಲಿ ತಂದಿದ್ದ ಲೆಕ್ಕದ ಪುಸ್ತಕ ತೆರೆದು ಕೊನೆಯ ಪುಟದಲ್ಲಿ ಬರೆದೆ:

"ಆಗಸ್ಟ್ ಕೊನೆಯಿಂದ ಚೀಲಗಳನ್ನು ಸೋಪು ಹಾಕಿ ತೊಳೆಯಲಾಗಿದೆ. ಯಾಕೆ ತೊಳೆಯಬಾರದೆಂದು ನಾನು ಯಾರಿಗೂ ಹೇಳಿರಲಿಲ್ಲ, ಕೇಳಿದವರಿಗೂ ಹೇಳಲಿಲ್ಲ. ತಪ್ಪು ನನ್ನದು. ಎರಡನೆಯ ಕಂತಿನ ಅಂಕಿಗಳನ್ನು ಸಭೆಯಲ್ಲಿ ಹೇಳಬೇಡಿ. ಹೊಸ ಚೀಲ ಇಳಿಬಿಡುತ್ತೇನೆ, ಅರ್ಧ ಲೋಳೆಯ ಸಮೇತ, ಅರ್ಧ ಬರಿ ನೀರಿನಲ್ಲಿ ತಿಕ್ಕಿ. ಏಪ್ರಿಲ್‌ನಲ್ಲಿ ಉತ್ತರ ಸಿಗುತ್ತದೆ. ತಿಕ್ಕಲು ಇಲ್ಲಿ ನುರಿತವರೊಬ್ಬರಿದ್ದಾರೆ, ಅವರಿಗೆ ಕಟ್ಟೆಗೆ ಬರಲು ಪರವಾನಗಿ ಕೊಡಬೇಕು. ನನ್ನ ಹೆಸರು ಹಾಕುವುದು ಬಿಡುವುದು ತಮ್ಮ ಇಷ್ಟ."

ಪುಸ್ತಕ ಅವನ ಕೈಗಿಟ್ಟೆ. ಅವನು ನನ್ನನ್ನೊಮ್ಮೆ, ಮೋಡವನ್ನೊಮ್ಮೆ ನೋಡಿ ಹೊರಟ. ಕೆಲಸ ಸರಿಯಾಗಿ ಮುಗಿಸಬೇಕಲ್ಲ, ಅದಕ್ಕೇ ಉಳಿದೆ. ಟೇಕ್‌ಶೂರ್‌ಗೆ ಹೇಳಿ ಬಂದಿದ್ದೇನೆ, ಆಡಿಗೆ ಸೊಪ್ಪು, ಚಿಗಟಕ್ಕೆ ಪಾಚಿ ಎಂದು. ಅದಲು ಬದಲು ಮಾಡದಿದ್ದರೆ ಸಾಕು.

ಡಿಸೆಂಬರ್ 1

ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಕಿಕೊಂಡಿದ್ದೆ. ರಾತ್ರಿಯೆಲ್ಲ ನರಳಿದರು. ಬೆಳಗಿನ ಜಾವ ಜ್ವರ ಇಳಿದು ಬೆವರಿದರು, ಸೂಜಿ ಚುಚ್ಚುವ ನರ್ಸ್ ಹುಡುಗಿ ಇನ್ನು ಭಯವಿಲ್ಲ ಎಂದಳು.

ಬೆಳಕು ಹರಿದಾಗ ಮಂಚದ ಅಂಚಿನಿಂದ ಕೆಳಗೆ ಬಗ್ಗಿ ನೋಡಿದರು. ದನಿ ಒಣಗಿತ್ತು.

"ಚೆನ್ನಾಗಿ ಮಲಗಿದ್ಯಾ, ಚಿಗಟದ ತಾಯಿ?"

"ನೀವು ಚೆನ್ನಾಗಿ ಮಲಗಿದ್ರೆ," ಎಂದೆ, "ನಾನೂ ಚೆನ್ನಾಗಿ ಮಲಗಿದೆ."

ಅಜ್ಜಿ ಹೊದಿಕೆ ಪಕ್ಕಕ್ಕೆ ತಳ್ಳಿದರು.

"ನಾನು ಮಲಗಲೇ ಇಲ್ಲ," ಎಂದರು.

"ಹಾಗಾದ್ರೆ ನಾನೂ ಮಲಗಿಲ್ಲ ಅಜ್ಜಿ."